ಶೀಶೆಯೊಳಗಿನ ಮಣ್ಣು

ನಗಬೇಡಿ. ನಮಿತಾ ನನ್ನ ಚಿಕ್ಕಮ್ಮನ ಮಗಳು. ದೆವ್ವಗಿವ್ವ ಅಂದರೆ ನಮ್ಮನ್ನೇ ಗೇಲಿ ಮಾಡುತ್ತಿದ್ದವಳು. ಅವಳಿಗೇ ಆದದ್ದು ಇದು.

ಹೋದ ಜೂನ್. ನೈರೋಬಿಯ ಪಾರ್ಕ್‌ಲ್ಯಾಂಡ್ಸ್. ರಾತ್ರಿ ಹನ್ನೊಂದು ದಾಟಿದೆ. ಆಸ್ಪತ್ರೆಯಿಂದ ಮನೆಗೆ ಹತ್ತು ನಿಮಿಷದ ದಾರಿ. ಕರೆದ ಟ್ಯಾಕ್ಸಿ ಎರಡು ಸಲ ಕ್ಯಾನ್ಸಲ್ ಆಗಿ, ಏಳು ತಿಂಗಳ ಮಗಳು ಪ್ರಗತಿಯನ್ನು ಹೆಗಲಿಗೆ ಹಾಕಿಕೊಂಡು ನಡೆದೇ ಹೊರಟಿದ್ದಾಳೆ. ಆ ಹೊತ್ತಲ್ಲಿ ಅಲ್ಲಿ ಯಾರೂ ನಡೆಯುವುದಿಲ್ಲ. ಅವಳಿಗೆ ಅದರ ಪರಿವೆಯೇ ಇಲ್ಲ. ಮಗು ನಿದ್ದೆಗೆ ಕಣ್ಣು ಮುಚ್ಚದೆ ಮೂರು ರಾತ್ರಿಯಾಗಿತ್ತು.

ಹಾಲು ಕುಡಿಯುತ್ತದೆ. ಅಳುವುದಿಲ್ಲ. ನೋಡುತ್ತಲೇ ಇರುತ್ತದೆ... ಎಲ್ಲ ಪರೀಕ್ಷೆ ಮಾಡಿದ ಡಾಕ್ಟರಿಗೂ ಏನೂ ತೋಚಿರಲಿಲ್ಲ.

ಶುರುವಾದದ್ದು ಒಂದು ಶೀಶೆಯಿಂದ. ನೈರೋಬಿಯದೇ ರುಂಡಾ ಬಡಾವಣೆಯಲ್ಲಿ ಕೈರೋ ಕಡೆಯ ಮುದುಕಿಯೊಬ್ಬಳು ಮನೆ ಖಾಲಿ ಮಾಡುವಾಗ ಮಾರಿದ್ದು. ಹೆಬ್ಬೆರಳುದ್ದದ ಗಾಜು, ಕಡುನೀಲಿ, ಮೈತುಂಬ ಹಳದಿ, ಬಿಳಿ ಅಲೆಗಳು. ಮೂರು ಸಾವಿರ ವರ್ಷದ ಹಿಂದೆ ಈಜಿಪ್ಟಿನ ಹೆಂಗಸರು ಕಣ್ಣಿನ ಕಪ್ಪು ತುಂಬಿಡುತ್ತಿದ್ದದ್ದಂತೆ. ಸರಳಿಗೆ ಮಣ್ಣು ಮೆತ್ತಿ, ಅದರ ಮೇಲೆ ಕರಗಿದ ಗಾಜು ಸುತ್ತಿ ಮಾಡುತ್ತಿದ್ದರಂತೆ. ಆ ಮಣ್ಣು ಒಂದಿಷ್ಟು ಇನ್ನೂ ಒಳಗೆ ಅಂಟಿಕೊಂಡಿತ್ತು. ಅದನ್ನು ಮಾತ್ರ ತೆಗೆಯಬೇಡ ಎಂದಿದ್ದಳು ಮುದುಕಿ.

ನಮ್ಮವಳು ಕೇಳಬೇಕಲ್ಲ! ಮಗುವಿನ ಕಾಡಿಗೆಯನ್ನು ಕೊಳಕು ಶೀಶೆಯಲ್ಲಿ ಇಡುವುದುಂಟೇ? ಹೇರ್‌ಪಿನ್ನಿನಿಂದ ಕೆರೆದು, ಮಣ್ಣನ್ನು ಬಾಲ್ಕನಿಯ ತುಳಸಿ ಕುಂಡಕ್ಕೆ ಉದುರಿಸಿದಳು. ತೊಳೆದು, ಹರಳೆಣ್ಣೆ ದೀಪದ ಮಸಿಯಿಂದ ತಾನೇ ಮಾಡಿದ ಕಾಡಿಗೆ ತುಂಬಿದಳು. ಮಗುವಿನ ಕಣ್ಣಿಗೆ ಹಚ್ಚಿ, ಕೆನ್ನೆಗೆ ದೃಷ್ಟಿಬೊಟ್ಟಿಟ್ಟಳು. ಆ ರಾತ್ರಿಯಿಂದಲೇ ಮಗುವಿನ ನಿದ್ದೆ ಹಾರಿಹೋಯಿತು. ಮರುದಿನ ಕಾಡಿಗೆ ಆಗಿಬರಲಿಲ್ಲವೇನೋ ಎಂದು ಎಲ್ಲ ಒರೆಸಿ ಚೆಲ್ಲಿದರೂ ನಿದ್ದೆ ಬರಲಿಲ್ಲ.

ಆಸ್ಪತ್ರೆಯಿಂದ ನಡೆದು ಬರುವಾಗ, ತಿರುವಿನಲ್ಲಿ ದೊಡ್ಡ ಮುಗುಮೊ ಮರ, ನಮ್ಮ ಆಲದ ಜಾತಿಯದು. ಅದರ ಕೆಳಗೆ ಬಂದಾಗ ಕೇಳಿಸಿತು.

ಕಿರ್ರ್... ಟಿಣ್... ಕಿರ್ರ್...

ಗಾಜಿನೊಳಗೆ ಪಿನ್ನು ಕೆರೆಯುವ ಸದ್ದು. ಶೀಶೆ ಇದ್ದದ್ದು ಮನೆಯಲ್ಲಿ. ಮಗು ಹೆಗಲ ಮೇಲಿಂದ ಹಿಂದಕ್ಕೆ ನೋಡಿ ನಕ್ಕಿತು.

"ಯಾರು?" ಎಂದಳು ನಮಿತಾ.

ಕಿವಿಯ ಪಕ್ಕದಲ್ಲೇ ಹೆಣ್ಣುದನಿ. ಯಾವ ಭಾಷೆಯೋ... ಅರ್ಥ ಮಾತ್ರ ಆಯಿತು.

"ನನ್ನ ಮಗು ಮಲಗಿದ್ದ ಮಣ್ಣು ಎಲ್ಲಿ?"

ನಮಿತಾ ಮಗುವನ್ನು ಎದೆಗವಚಿಕೊಂಡಳು. "ಕೊಡ್ತೀನಿ ತಾಯಿ... ಈಗ್ಲೇ ಕೊಡ್ತೀನಿ. ನನ್ನ ಮಗೂನ ಬಿಟ್ಬಿಡು."

ಓಡಿದಳು. ಗೇಟು ತೆಗೆದ ಕಾವಲಿನವನು ಅವಳ ಹಿಂದೆ ನೋಡುತ್ತ ಕೇಳಿದ, "ಅಮ್ಮಾ, ನಿಮ್ಮ ಜೊತೆ ಬಂದವರು ಒಳಗೆ ಬರಲ್ವಾ?"

ಅವಳು ತಿರುಗಿ ನೋಡಲಿಲ್ಲ.

ಬಾಲ್ಕನಿಯಲ್ಲಿ ಮಗುವನ್ನು ಪಕ್ಕಕ್ಕೆ ಮಲಗಿಸಿ, ತುಳಸಿಯನ್ನು ಬೇರು ಸಮೇತ ಕಿತ್ತಳು. ಫೋನು ಬಡಿದುಕೊಂಡಿತು. ಕೆಲಸದ ಮೇಲೆ ಮೊಂಬಾಸಾಕ್ಕೆ ಹೋಗಿದ್ದ ಗಂಡ ಹೃಷಿಕೇಶ್.

"ಡಾಕ್ಟರ್ ಏನಂದ್ರು ನಮಿ?"

"ಆಮೇಲ್ ಹೇಳ್ತೀನ್ರೀ. ತುಳಸಿ ಕುಂಡ ಅಗೀತಿದೀನಿ."

"ಏನು?"

ಫೋನಿಟ್ಟಳು. ಕೆಂಪು ಮಣ್ಣಿನಲ್ಲಿ ಆ ಬೂದು ಮಣ್ಣನ್ನು ಹುಡುಕುವುದು ಹೇಗೆ? ಚಿಟಿಕೆ ಚಿಟಿಕೆಯಾಗಿ ಆರಿಸಿದಳು. ಉಗುರಿನ ಸಂದಿಯಲ್ಲಿ ರಕ್ತ ಬಂತು. ಅಳುತ್ತಲೇ ಆರಿಸಿದಳು. ಕೊನೆಯ ಕಣ ಶೀಶೆಗೆ ಬಿದ್ದಾಗ, ಮರದಿಂದ ಬೆನ್ನಿಗೇ ಬಂದಿದ್ದ ಕೆರೆಯುವ ಸದ್ದು ನಿಂತಿತು.

ಆಮೇಲೆ ಒಂದು ಆಕಳಿಕೆ ಕೇಳಿಸಿತು. ಪುಟ್ಟ ಮಗುವಿನದು. ಪ್ರಗತಿಯದಲ್ಲ...

ಅದಾದ ಮೇಲೆ ಪ್ರಗತಿ ಆಕಳಿಸಿ, ಕಣ್ಣು ಮುಚ್ಚಿದಳು.

ಬೆಳಿಗ್ಗೆ ನೋಡಿದರೆ ಮಣ್ಣು ಒಳಗೆ ಕಲ್ಲಿನಂತೆ ಗಟ್ಟಿಯಾಗಿತ್ತು. ಮಗುವಿನ ಕೆನ್ನೆಯ ಮೇಲೆ ದೃಷ್ಟಿಬೊಟ್ಟು. ನಮಿತಾ ಇಟ್ಟದ್ದಲ್ಲ. ಕಪ್ಪೂ ಅಲ್ಲ, ಕಡುನೀಲಿ.

ಹುಟ್ಟುಮಚ್ಚೆ ಅನ್ನುತ್ತಾರೆ ಡಾಕ್ಟರು. ಹುಟ್ಟಿದಾಗಿನ ಫೋಟೋ ಒಂದರಲ್ಲೂ ಅದಿಲ್ಲ. ಹೋದ ತಿಂಗಳು ಅವರು ಊರಿಗೆ ಬಂದಿದ್ದಾಗ ನಾನೇ ಬೆರಳಿಟ್ಟು ನೋಡಿದೆ, ಆಣೆಗೂ. ಕೆನ್ನೆ ಬೆಚ್ಚಗಿತ್ತು. ಬೊಟ್ಟು ಮಾತ್ರ ತಣ್ಣಗೆ, ನುಣ್ಣಗೆ... ಗಾಜು.