ಸಾವಿರದ ಹನ್ನೆರಡು ಸುತ್ತು

ಮಾನ್ಯ ಠಾಣಾಧಿಕಾರಿಗಳಿಗೆ,

ನಾನು ಜಂಬಣ್ಣ ತಂದೆ ಸಂಗಪ್ಪ, ವಯಸ್ಸು 52 ವರ್ಷ, ಉದ್ಯೋಗ ಮೋಟಾರ್ ವೈಂಡಿಂಗ್ ಅಂಗಡಿ, ಸಾಕಿನ್ ಮಾನ್ವಿ. ಓದಿದ್ದು ಐದನೇ ಕ್ಲಾಸ್, ಆರನೇದಕ್ಕ ಎರಡು ಸಲ ಹೆಸರು ಹಚ್ಚಿ ಎರಡೂ ಸಲ ಬಿಟ್ಟಿರುತ್ತೇನೆ. ಬಾಯಿಲೆ ಹೇಳುವಾಗ ಹಿಂದಿಂದು ಮುಂದ ಆಗಾಕತ್ತದ, ನೀವೇ ಬರದು ಕೊಡ್ರಿ ಅಂತ ರೈಟರ್ ಸಾಹೇಬರು ಹಾಳಿ ಕೊಟ್ಟಿದ್ದರಿಂದ ಸ್ವಂತ ಕೈಯಿಂದ ಬರೆದು ತಮ್ಮಲ್ಲಿ ತಿಳಿಸಿಕೊಳ್ಳುವುದು ಏನಂದರೆ,

ದಿನಾಂಕ 7-2-2026 ಶನಿವಾರ ಬೆಳಗಿನ ಜಾವ 5 ಗಂಟೆ 10 ನಿಮಿಷಕ್ಕೆ ನನಗೆ ಒಂದು ಕನಸು ಬಿದ್ದಿರುತ್ತದೆ. ನನ್ನ ಅಂಗಡಿಯ ಹಲಗಿ ಮ್ಯಾಲಿದ್ದ ಕಾಯಿಲ್ ತಾನಾಗೇ ಬಿಚ್ಚಿಕೊಂಡು, ಅದರ ತಂತಿ ಬಾಗಿಲು ದಾಟಿ, ರಸ್ತಿ ದಾಟಿ, ಹಿರೇಕೊಟ್ನೆಕಲ್ ಕಡಿಗೆ ಹೋಗಿ ಯಾರದೋ ಹೊಲದ ಮೋಟಾರಿನ್ಯಾಗ ಹೊಕ್ಕಿತು. ನಾನು ಈ ತುದಿ ಹಿಡಿದು ಜಗ್ಗಿದರ ಆ ಕಡಿಂದ ಮಂದಿ ತಂತಿ ಹಿಡಕೊಂಡು ನನ್ನ ಅಂಗಡಿಗೆ ಬರಾಕತ್ತಿದ್ದರು. ಕನಸು ಹೇಳಿಕೆಯೊಳಗೆ ಬರಂಗಿಲ್ಲ ಅಂತ ರೈಟರ್ ಸಾಹೇಬರು ಅಂದರು. ಆದರೂ ಬರೆದಿರುತ್ತೇನೆ, ಯಾಕಂದ್ರ ಆ ದಿವಸ ನಾನು ಮಾಡಿದ್ದಕ್ಕ ಇದೇ ಕಾರಣ. ಬೆಳಗಿನ ಜಾವದ ಕನಸು ಖರೇ ಆಗತದ ಅಂತ ನಮ್ಮವ್ವ ಹೇಳುತ್ತಿದ್ದಳು. ಇನ್ನು ಮೊದಲಿಂದ ಬರೆಯುತ್ತೇನೆ.

ನನ್ನ ಮಗಳು ಉಮಾಶ್ರೀಯನ್ನು ದೇವದುರ್ಗದ ಪ್ರಭುರಾಜ ಅವರಿಗೆ ಕೊಟ್ಟು ಎರಡು ವರ್ಷ ಆಗಿರುತ್ತದೆ. ನಮ್ಮ ಅಳಿಯ ಅಲ್ಲಿ ಒಂದು ಹೈಸ್ಕೂಲಿನೊಳಗ ವಿಜ್ಞಾನದ ಅತಿಥಿ ಶಿಕ್ಷಕರು. ಅತಿಥಿ ಅಂದರ ಯಾವತ್ತು ಬ್ಯಾಡ ಅಂತಾರ ಅವತ್ತು ಎದ್ದು ಬರಬೇಕು. ದಿನಾಂಕ 15-1-2026 ಗುರುವಾರ ಸಂಕ್ರಾಂತಿ ಹಬ್ಬಕ್ಕ ಇಬ್ಬರೂ ನಮ್ಮ ಮನಿಗೆ ಬಂದಿದ್ದರು. ಊಟ ಆದ ಮೇಲೆ ನನ್ನ ಹೆಂಡತಿ ಸೂಗಮ್ಮ ಅಳಿಯಗ ಉಡುಗೊರಿ ಬಟ್ಟಿ ತಂದು ಇಟ್ಟಳು. ಅವರು ಬಟ್ಟಿ ಕಣ್ಣಿಗೆ ಒತ್ತಿಕೊಂಡು ತಿರುಗಿ ಕೊಟ್ಟು, ಅರಿವಿ ಮನ್ಯಾಗ ಬೇಕಾದಷ್ಟು ಅದಾವ್ರಿ ಅತ್ತಿ, ಮಾವಾರು ತಮ್ಮ ಕೈಯಿಂದ ನನಗ ಒಂದು ಕಾಯಿಲ್ ಸುತ್ತಿ ಕೊಟ್ಟರ ಅದ ಉಡುಗೊರಿ ಅಂದರು. ಅದಕ್ಕ ಟೆಸ್ಲಾ ಕಾಯಿಲ್ ಅಂತ ಹೆಸರಂತ. ಕರೆಂಟು ಗಾಳ್ಯಾಗ ಒಂದು ಗೇಣು ಮಿಂಚಾಗಿ ಹಾರತದ, ಬಾಜೂಕ ಹಿಡಿದ ಟ್ಯೂಬ್‌ಲೈಟು ತಂತಿ ಇಲ್ಲದ ಹತ್ತತದ, ದಿನಾಂಕ 13-2-2026 ಶುಕ್ರವಾರ ರಾಯಚೂರಿನ ವಿಜ್ಞಾನ ಪ್ರದರ್ಶನಕ್ಕ ಒಯ್ದು ನಮ್ಮ ಸಾಲಿ ಮಕ್ಕಳಿಗೆ ತೋರಸ್ತೀನಿ ಅಂತ ಹೇಳಿದರು. ನಾನು ಯಾರಿಗರ ಹತ್ತಿದರ ಹ್ಯಾಂಗ್ರಿ ಅಂತ ಕೇಳಿದೆ. ಮೂರು ಸಲ ಕೇಳಿದೆ ಅಂತ ನನ್ನ ಹೆಂಡತಿ ಹೇಳುತ್ತಾಳೆ. ಅಳಿಯ ಬಾಯಿ ಬಿಟ್ಟು ಕೇಳಿದ್ದಕ್ಕ ಇಲ್ಲ ಅನ್ನೋ ರಿವಾಜು ನಮ್ಮಲ್ಲಿ ಇಲ್ಲ.

ದಿನಾಂಕ 18-1-2026 ಭಾನುವಾರ ನಾವಿಬ್ಬರೂ ರಾಯಚೂರಿಗೆ ಸಾಮಾನು ತರಲು ಹೋಗಿದ್ದೆವು. ಕರೀ ಪೈಪು ಅಗ್ಗ ಅಂತ ನಾನು ತೋರಿಸಿದರ, ಕರೀ ಪೈಪಿನ್ಯಾಗ ಇದ್ದಲಿ ಬೆರಸಿರತಾರ, ಅದರಾಗ ಕರೆಂಟು ಜಾರತದ ಅಂತ ಅವರು ಬಿಟ್ಟು, ಬಿಳೇ ಪೈಪು ಮೂರು ಇಂಚಿಂದು, ಅಂದರ ಒಳಗ ಮೂರು, ಹೊರಗಿನ ಅಳತಿ ಮೂರೂವರಿ, ಇಪ್ಪತ್ತೆರಡು ಇಂಚು ಉದ್ದ ಕೊಯ್ಸಿದರು. ಮನಿಗೆ ಒಯ್ದು ಮೂರು ದಿನ ಬಿಸಿಲಿಗೆ ಇಟ್ಟು ಹಸಿ ಆರಿಸಿರಿ ಅಂತ ನನಗೆ ಹೇಳಿದರು. ಟ್ರಾನ್ಸ್‌ಫಾರ್ಮರಿಗೆ ನಾನು ಹಳೇ ಮೈಕ್ರೋವೇವ್ ಒಲಿಯೊಳಗಿಂದು ಸಾಕಲ್ಲ ಅಂದೆ. ಅದು ಒಂದು ಸಲ ಕೈ ಹಿಡಿದರ ಬಿಡಂಗಿಲ್ರಿ ಮಾವಾರ, ಉಮಾ ನಿಮ್ಮನ್ನೂ ಬಿಡಂಗಿಲ್ಲ ನನ್ನನ್ನೂ ಬಿಡಂಗಿಲ್ಲ ಅಂತ ನಕ್ಕು, ಮುಚ್ಚಿದ ಬಟ್ಟಿ ಅಂಗಡಿಯ ನಿಯಾನ್ ಲೈಟಿನ ಬೋರ್ಡಿನ ಹಳೇ ಟ್ರಾನ್ಸ್‌ಫಾರ್ಮರ್ ಹುಡುಕಿ ತಂದರು.

ತಂತಿಯ ಮಾತು ಮುಖ್ಯ ಇರುವುದರಿಂದ ಬಿಡಿಸಿ ಬರೆಯುತ್ತೇನೆ. ಬೇಕಾದದ್ದು ಇಪ್ಪತ್ತೆಂಟು ಗೇಜಿನ ವಾರ್ನಿಷ್ ತಂತಿ. ಗೇಜಿನ ನಂಬರ್ ಹೆಚ್ಚಾದಾಂಗ ತಂತಿ ತೆಳು ಆಗತದ. ಹೊಲದ ಪಂಪಿಗೆ ನಾವು ಸುತ್ತೋದು ಇಪ್ಪತ್ತು, ಇಪ್ಪತ್ತೊಂದು. ಇಪ್ಪತ್ತೆಂಟು ಪಂಪಿಗೆ ಹಾಕಿದರ ಹೊಗಿ ಬರಲಿಕ್ಕೆ ಅರ್ಧ ನಿಮಿಷ ಸಾಕು. ನನ್ನ ಅಂಗಡ್ಯಾಗ ಇಪ್ಪತ್ತೆಂಟರ ಎರಡು ಅರ್ಧ ರೀಲು ಇದ್ದವು, ಬೆಸಿಗಿ ಹಾಕಿ ಕೂಡಿಸೋಣ ಅಂದೆ. ಪ್ರಭುರಾಜ ಅವರು ಒಂದೂ ಜೋಡು ಇರಬಾರದು, ಜೋಡು ಇದ್ದಲ್ಲಿ ಕಿಡಿ ಹೊರಗ ಬರತದ ಅಂದರು. ಸೂಗಮ್ಮನೂ, ಅಳಿಯಗ ಕೊಡೋ ಅರಿವಿಗೆ ಯಾರಾದ್ರೂ ತ್ಯಾಪಿ ಹಚ್ಚಿ ಕೊಡತಾರೇನು ಅಂತ ನನಗ ಬೈದಿದ್ದಳು. ಆದಕಾರಣ ಹೊಸಾ ರೀಲು ಒಂದೇ ಎಳಿದು ನಾನೇ ಕೊಂಡೆನು. ಉಡುಗೊರಿಗೆ ಬಿಲ್ಲು ಬ್ಯಾಡ ಅಂದವನೂ ನಾನೇ.

ದಿನಾಂಕ 25-1-2026 ಭಾನುವಾರ ಬೆಳಿಗ್ಗೆ 10-30ಕ್ಕೆ ನನ್ನ ಅಂಗಡಿಯಲ್ಲಿ ಸುತ್ತಲು ಶುರು ಮಾಡಿದೆವು. ಅವರು ಸುತ್ತೋ ಮಿಷನ್ನಿನ ಹಿಡಿಕಿ ತಿರುಗಿಸಿದರು, ನಾನು ಬೆರಳಿಲೆ ತಂತಿ ಕೂಡಿಸಿದೆ. ಒಂದು ಸುತ್ತು ಇನ್ನೊಂದರ ಮ್ಯಾಲೆ ಹತ್ತಬಾರದು, ನಡುವ ಸಂದೂ ಬಿಡಬಾರದು. ನಾನು ಚಾ ಕುಡಿಯಲಿಲ್ಲ, ನೀರು ಕುಡಿಯಲಿಲ್ಲ, ಕೈ ನಡಗತದ ಅಂತ. ಮಧ್ಯಾಹ್ನ 2-50ಕ್ಕೆ ಮುಗಿಯಿತು. ಮಿಷನ್ನಿನ ಮೀಟರ್ 1012 ತೋರಿಸಿತು. ಅಳಿಯ ತಮ್ಮ ನೋಟ್‌ಬುಕ್ಕಿನಲ್ಲಿ 1012 ಅಂತ ಬರೆದು ಅಡಿಗೆ ಗೀಟು ಎಳೆದರು. ಆ ನೋಟ್‌ಬುಕ್ಕು ಈಗ ತಮ್ಮ ಹತ್ತಿರ ಇರುತ್ತದೆ. ಕಾಯಿಲ್‌ನ ಎತ್ತರ ಹದಿನಾರು ಇಂಚಿನ ಮ್ಯಾಲೆ ಒಂದು ನೂಲು, ಇಂಚಿಗೆ ಎಂಟು ನೂಲಿನ ಲೆಕ್ಕ. ಅವರು ಅದನ್ನು ಕಿಟಕಿ ಬೆಳಕಿಗೆ ಹಿಡಿದು, ಮಾವಾರ, ಇದು ಸುತ್ತಿದ್ದಲ್ಲ, ಎರಕ ಹೊಯ್ದಾಂಗ ಅದ ಅಂದರು. ಮೂವತ್ತೊಂದು ವರ್ಷದಾಗ ನಾನು ಸುತ್ತಿದ್ದನ್ನ ಯಾರೂ ಬೆಳಕಿಗೆ ಹಿಡಿದು ನೋಡಿರಲಿಲ್ಲ. ವೈಂಡಿಂಗು ಮೋಟಾರಿನ ಹೊಟ್ಯಾಗ ಇರತದ.

ದಿನಾಂಕ 1-2-2026 ಭಾನುವಾರ ಬಾಟಲಿಗಳ ಕೆಲಸ ಮಾಡಿದೆವು. ಕರೆಂಟು ಕೂಡಿಟ್ಟು ಒಮ್ಮಿಗೇ ಬಿಡಲು ಹನ್ನೆರಡು ಬಿಯರ್ ಬಾಟಲಿ ಬೇಕಾಗಿದ್ದವು, ಒಳಗ ಉಪ್ಪುನೀರು, ಮ್ಯಾಲೆ ಒಂದು ಬೆರಳು ದಪ್ಪ ಎಣ್ಣಿ, ಹೊರಗ ರೊಟ್ಟಿ ಸುತ್ತೋ ಬೆಳ್ಳಿ ಹಾಳಿ. ಕೊರಳಾಗ ಲಿಂಗ ಇರುವ ನಾವು ಬಾಟಲಿ ಎಲ್ಲಿ ಹುಡುಕೋಣು. ಗುಜರಿ ವ್ಯಾಪಾರದ ಸತ್ತಾರ್ ಸಾಬ್ ಅವರಿಗೆ ಹೇಳಿದೆ. ಅವರು ಗೋಣಿಚೀಲದಾಗ ತಂದು ರಸ್ತಿ ಮ್ಯಾಲೇ ಇಳಿಸಿ, ಅಳಿಯಂದ್ರ ಖಾತಿರ್ ಭಾರಿ ನಡದದ ಜಂಬಣ್ಣ, ನಮ್ಮಂಥವರನ್ನ ಕರೀಲೇ ಇಲ್ಲ ಅಂತ ನಾಕು ಮಂದಿಗೆ ಕೇಳುವಾಂಗ ಅಂದರು. ಸೂಗಮ್ಮ ಉಪ್ಪು ಎಣ್ಣಿ ಕೊಡುವಾಗ, ಮಾವ ಅಳಿಯ ಕೂಡಿ ಏನು ಉಪ್ಪಿನಕಾಯಿ ಹಾಕಾಕತ್ತೀರೋ ಏನೋ ಅಂದಳು. ಅಷ್ಟರಲ್ಲಿ ಕಾಯಿಲಿಗೆ ಮೂರನೇ ಕೈ ವಾರ್ನಿಷ್ ಹಚ್ಚಿ ಆಗಿತ್ತು. 13ಕ್ಕ ನಾನೂ ರಾಯಚೂರಿಗೆ ಬರಬೇಕು, ಸುತ್ತಿದವರು ಇವರೇ ಅಂತ ಮಕ್ಕಳಿಗೆ ಹೇಳ್ತೀನಿ ಅಂತ ಅಳಿಯ ಹೇಳಿ ಸಂಜೆ 5-15ರ ಬಸ್ಸಿಗೆ ಹೋದರು.

ದಿನಾಂಕ 5-2-2026 ಗುರುವಾರ ಚಾದಂಗಡಿಯಲ್ಲಿ, ಹಿರೇಕೊಟ್ನೆಕಲ್ ಸೀಮಿಯೊಳಗ ಮೂರು ಹೊಲದ ಪಂಪು ಒಡೆದು ತಾಮ್ರ ಕಿತ್ತುಕೊಂಡು ಹೋಗ್ಯಾರ, ಪೊಲೀಸರು ಎಲ್ಲ ವೈಂಡಿಂಗ್ ಅಂಗಡಿ ನೋಡಾಕತ್ತಾರ ಅಂತ ಕೇಳಿದೆ. ನನ್ನ ಹಲಗಿ ಮ್ಯಾಲೆ ಬಿಲ್ಲಿಲ್ಲದ ತಾಮ್ರ ಇದೆ ಅಂತ ನೆನಪಾಯಿತು. ಆಮೇಲೆ ಮೇಲೆ ಬರೆದ ಕನಸು.

ದಿನಾಂಕ 7-2-2026 ಶನಿವಾರ ಬೆಳಿಗ್ಗೆ 11-20ಕ್ಕೆ ಪೊಲೀಸ್ ಜೀಪು ಬಂದು ನನ್ನ ಅಂಗಡಿಯಿಂದ ನಲವತ್ತು ಅಡಿ ದೂರ ವಿರೂಪಣ್ಣನ ವೆಲ್ಡಿಂಗ್ ಅಂಗಡಿಯ ಮುಂದೆ ನಿಂತಿತು. ನಾನು ಹಿಂದಿನ ಬಾಗಿಲು ಹಾಕಿ, ಕಾಯಿಲನ್ನು ಅಡ್ಡ ಮಲಗಿಸಿ, ಚಾಣ ಇಟ್ಟು ಮೇಲಿಂದ ಕೆಳಗಿನ ತನಕ ಒಂದೇ ಗೀಟಿನಲ್ಲಿ ಕಡಿದೆನು. ಬೇವಿನ ತೊಗಟಿ ಸುಲಿದಾಂಗ ಪೂರಾ ಬಿಟ್ಟು ಬಂತು. ಹಳೇ ವೈಂಡಿಂಗನ್ನು ಚಾಣದಿಂದ ಕಡಿದು, ಡ್ರಮ್ಮಿನಲ್ಲಿ ಸುಟ್ಟು, ಶನಿವಾರ ಗುಜರಿಗೆ ಕೊಡುವುದು ನಮ್ಮ ದಂಧೆಯ ರೂಢಿ. ಕೈಗೆ ಅದೊಂದೇ ಗೊತ್ತು. ಎಲ್ಲಾದರೂ ಮುಚ್ಚಿಡಬಹುದಿತ್ತು, ಜೀಪಿನವರಿಗೆ ಕರೆದು ತೋರಿಸಲೂ ಬಹುದಿತ್ತು. 11-40ಕ್ಕೆ ಬೆಂಕಿ ಹಚ್ಚಿದೆನು. ಪೈಪನ್ನೂ ಅದರಲ್ಲೇ ಹಾಕಿದೆನು, ಅದು ಕರಗಿ ಕರೀ ಮುದ್ದಿ ಆಯಿತು. 12-15ಕ್ಕೆ ಸತ್ತಾರ್ ಸಾಬ್ ಬಂದು ವಾರದ ಸುಟ್ಟ ತಾಮ್ರದ ಸಂಗಡ ಇದನ್ನೂ ಚೀಲಕ್ಕೆ ಹಾಕಿಕೊಂಡರು. ತೆಳು ತಂತಿ ಎತ್ತಿ ನೋಡಿ, ಇದ್ಯಾವ ಮೋಟಾರಿಂದ್ರೀ, ಸೊಳ್ಳಿ ಮೋಟಾರಿಂದೇನು ಅಂತ ಕೇಳಿದರು. ನಾನು ಹಳೇದು ಅಂದೆ. ಅವರನ್ನು ಕೇಳಿದರೆ ಈ ಮಾತು ಹೇಳುತ್ತಾರೆ.

1-30ಕ್ಕೆ ವಿರೂಪಣ್ಣ ಬಂದು, ಜೀಪಿನ ಹಿಂದಿನ ಮೆಟ್ಲ ಮುರಿದಿತ್ತು, ಬೆಸಿಗಿ ಹಾಕಿಸ್ಕೊಂಡು ಹೋದರು, ಮೆಟ್ಲ ಮುರಿದದ್ದಕ್ಕ ನೀ ಯಾಕ ಮಾರಿ ಹಿಂಗ ಮಾಡ್ಕೊಂಡೀಯಪ್ಪ ಅಂದನು.

ದಿನಾಂಕ 9-2-2026 ಸೋಮವಾರ ಬೆಳಿಗ್ಗೆ 10-15ಕ್ಕೆ ಸತ್ತಾರ್ ಸಾಬ್ ಅವರ ಆಟೋ ತಡೆದು ಚೀಲ ಜಪ್ತಿ ಮಾಡಲಾಗಿದೆ. ತೂಕ 11 ಕಿಲೋ 400 ಗ್ರಾಂ. ಅದರಲ್ಲಿ ಪಂಪಿನ ಕಳವಿನ ತಂತಿಯೂ ಇತ್ತು. ಅದನ್ನು ಗುರುತಿಲ್ಲದವನೊಬ್ಬ ಮಾರಿ ಹೋಗಿದ್ದ, ಉಳಿದದ್ದು ಜಂಬಣ್ಣನ ಅಂಗಡಿಯದು ಅಂತ ಸತ್ತಾರ್ ಸಾಬ್ ಹೇಳಿರುತ್ತಾರೆ. 12-40ಕ್ಕೆ ತಮ್ಮ ಠಾಣೆಯ ಸಾಹೇಬರು ನನ್ನ ಅಂಗಡಿಗೆ ಬಂದು ಒಂದು ಹಿಡಿ ತಂತಿ ತೋರಿಸಿ ಇದು ಯಾರದು ಅಂತ ಕೇಳಿದರು. ಅವರ ಕೈಯಲ್ಲಿ ದಪ್ಪ ತೆಳು ಎರಡೂ ಕೂಡಿದ್ದವು. ನನ್ನ ಕಣ್ಣಿಗೆ ತೆಳುವಷ್ಟೇ ಕಂಡಿತು. ನಮ್ಮ ಅಳಿಯಂದು ಅಂದುಬಿಟ್ಟೆ. ದಪ್ಪ ತೆಳು ಎಲ್ಲವೂ ಅಳಿಯಂದೇ ಅಂತ ಸಾಹೇಬರು ತಿಳಿದುಕೊಂಡರು. ಅದು ಅವರ ತಪ್ಪಲ್ಲ, ಹಾಂಗೇ ಕೇಳಿಸುತ್ತದೆ.

ದಿನಾಂಕ 10-2-2026 ಮಂಗಳವಾರ ಪ್ರಭುರಾಜ ಅವರನ್ನು ಪಾಠ ನಡೆದಾಗಲೇ ಸಾಲಿಯಿಂದ ಕರೆದುಕೊಂಡು ಬಂದಾರ. ಅವರು, ನನ್ನ ತಂತಿ ಸುಟ್ಟದ್ದಲ್ಲ, ಪೈಪಿಗೆ ಸುತ್ತಿ ಮಾವನ ಅಂಗಡ್ಯಾಗ ಅದ, ಬಂದು ನೋಡ್ರಿ, ಒಂದೇ ಎಳಿ ಅದ ಅಂತ ಹೇಳಿರುತ್ತಾರೆ. ಸಂಜೆ 4-30ಕ್ಕೆ ಅವರನ್ನು ನನ್ನ ಅಂಗಡಿಗೆ ಕರೆತಂದರು. ಅವರು ನನ್ನಿಂದ ಆರು ಅಡಿ ದೂರ ನಿಂತು ಹಲಗಿ ನೋಡಿದರು. ಧೂಳಿನಲ್ಲಿ ಪೈಪಿನ ದುಂಡನೆ ಗುರುತು ಇತ್ತು. ಮಾವಾರ, ಕಾಯಿಲ್ ಎಲ್ಲದರೀ ಅಂತ ಕೇಳಿದರು. ಸಾಹೇಬರು ನನ್ನ ಮಾರಿ ನೋಡಾಕತ್ತಿದ್ದರು. ನಾನು ನನಗ ಗೊತ್ತಿಲ್ಲ ಅಂದೆ. ಹೊರಗೆ ಹೋಗುವಾಗ ಬಾಗಿಲ ಹತ್ತಿರ ಬಾಟಲಿಗೆ ಅಳಿಯನ ಕಾಲು ತಾಕಿತು, ಬಗ್ಗಿ ಅದನ್ನು ನೆಟ್ಟಗೆ ನಿಲ್ಲಿಸಿ ಹೋದರು.

ಸಂಜೆ 6-40ಕ್ಕೆ ಮಗಳು ದೇವದುರ್ಗದಿಂದ ಬಂದಳು. ಪ್ರಕರಣದಾಗ ಹೆಸರು ಬಂದರ ಸಾಲಿಯವರು ಮತ್ತ ಕರೆಯಂಗಿಲ್ಲ, ನೀವು ಸುತ್ತಿದ್ದು ನಿಮಗ ಗೊತ್ತದ ಯಪ್ಪಾ, ಗೊತ್ತಿದ್ದಷ್ಟು ಹೇಳ್ರಿ ಸಾಕು ಅಂದಳು. ಸುಟ್ಟದ್ದು ಅವಳಿಗೆ ಆಗಲೇ ಹೇಳಿದೆ.

ಈ ದಿವಸ ಬೆಳಿಗ್ಗೆ 9-30ಕ್ಕೆ ಠಾಣೆಗೆ ಬಂದು ಎಲ್ಲ ಹೇಳಿದೆನು. ಅಳಿಯನ್ನ ಉಳಿಸಲು ಈಗ ಕಥಿ ಕಟ್ಟಾಕತ್ತೀ, ತೆಳು ತಂತಿ ಫ್ಯಾನಿಂದೂ ಇರಬಹುದು ಅಂತ ಸಾಹೇಬರು ಅಂದದ್ದಕ್ಕ ತೋರಿಸಲು ನನ್ನ ಹತ್ತಿರ ಬಿಲ್ಲಿಲ್ಲ, ಪೈಪಿಲ್ಲ, ಕಾಯಿಲ್ ಇಲ್ಲ. ಆದರ ಒಂದು ಮಾತು ಅದ. ಫ್ಯಾನಿನ ತಂತಿ ಕಡಿದರ ಗಿಡ್ಡ ಉದ್ದ ಹ್ಯಾಂಗರ ಬೀಳತದ. ನಾನು ಕಡಿದದ್ದು ಪೈಪಿನ ಮ್ಯಾಲೆ, ಒಂದೇ ಗೀಟಿನಲ್ಲಿ. ಆದಕಾರಣ ಒಂದೊಂದು ಸುತ್ತು ಒಂದೊಂದು ಚೂರು ಆಗಿರುತ್ತದೆ, ಪೈಪಿನ ಹೊರ ಸುತ್ತಳತೆಯಷ್ಟೇ, ಹನ್ನೊಂದು ಇಂಚಿನ ಮ್ಯಾಲೆ ಒಂದು ನೂಲು. ಹೆಚ್ಚಿಲ್ಲ ಕಡಿಮಿಲ್ಲ. ಚೀಲದಾಗ ಅಂಥವು 1012 ಇರಬೇಕು, ನೋಟ್‌ಬುಕ್ಕಿನಲ್ಲಿ ಬರೆದಷ್ಟು. ಎಣಿಸಲು ನನಗ ಕೊಟ್ಟರ ತಮ್ಮ ಕಣ್ಣ ಮುಂದೇ ಕೂತು ಎಣಿಸಿ ಕೊಡತೀನಿ. ಕಳವಿನ ಸಂಗಡ ನಮ್ಮ ಅಳಿಯಗ ಏನೂ ಸಂಬಂಧ ಇರುವುದಿಲ್ಲ. ಸುಟ್ಟದ್ದಕ್ಕೆ, ಗೊತ್ತಿಲ್ಲ ಅಂದದ್ದಕ್ಕೆ ಏನು ಕ್ರಮ ಅದ ಅದು ನನ್ನ ಮ್ಯಾಲೆ ಆಗಲಿ.

ಇಷ್ಟೂ ನಾನು ಕಂಡು ಮಾಡಿದ್ದನ್ನೇ ಬರೆದಿದ್ದು, ಓದಿ ನೋಡಿಕೊಂಡಿರುತ್ತೇನೆ, ಸುಳ್ಳು ಇರುವುದಿಲ್ಲ.

ಸ್ಥಳ: ಮಾನ್ವಿ
ದಿನಾಂಕ: 11-2-2026, ವೇಳೆ ಮಧ್ಯಾಹ್ನ 12-10
ಸಹಿ: ಜಂಬಣ್ಣ

ಸಹಿ ಮಾಡಿದ ಮೇಲೆ ಬರೆದದ್ದು: ಈಗ ರೈಟರ್ ಸಾಹೇಬರು ಚೀಲದಿಂದ ಒಂದು ತೆಳು ಚೂರು ತೆಗೆದು ಅಳತಿ ಪಟ್ಟಿಗೆ ಹಚ್ಚಿ ನೋಡಿದರು. ಒಂಬತ್ತು ಇಂಚು ಬಂತು. ಅವರು ಒಂಬತ್ತು ಅಂತ ಬರೆದುಕೊಂಡರು. ಸುಟ್ಟ ತೆಳು ತಂತಿ ಕೈ ತಾಕಿದರ ಮುರೀತದ್ರಿ, ಅದು ತುದಿ ಮುರಿದದ್ದು ಇರಬೇಕು. ದಯವಿಟ್ಟು ಇನ್ನೊಂದು ತೆಗೆದು, ಸಾವಕಾಶ ನೆಟ್ಟಗ ಮಾಡಿ, ಮತ್ತೊಮ್ಮೆ ಅಳೆದು ನೋಡಬೇಕು.