ಈರಯ್ಯನವರ ಎಡಗೈ

೧೯೪೬. ತಿಕೋಟಾದಲ್ಲಿ ಹೊನವಾಡದ ಮೋಟಾರಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಇಬ್ಬರು ನಡುವಯಸ್ಸಿನವರು. ಒಬ್ಬನ ಅಂಗಿಗೆ ಇನ್ನೂ ವಿಭೂತಿ ಅಂಟಿತ್ತು. ಎಡಗೈ ಸ್ಪಿನ್ ಬೌಲರ್ ಈರಯ್ಯನವರನ್ನು ಬಿಜ್ಜರಗಿಯಲ್ಲಿ ಮಣ್ಣು ಮಾಡಿ ಬಂದಿದ್ದ.

"ತಡಾ ಮಾಡಿದಿ ಮಲಕಾಜಪ್ಪಾ. ಎಲ್ಲಾ ಮುಗೀತು."

"ಮೋಟಾರ ಕೆಟ್ಟ ನಿಂತಿತ್ತೋ ಶಿವಯೋಗೆಪ್ಪಾ. ಕಡೀಕ ಮಾರಿನೂ ನೋಡಲಿಲ್ಲ. ಕುಣ್ಯಾಗ ಚೆಂಡ ಇಟ್ರೇನು?"

"ಇಟ್ಟೇವಿ. ಎಡಗೈಯಾಗ ಇಡೂನು ಅಂದ್ರ, ಅಲ್ಲಿ ಲಿಂಗ ಐತಿ."

"ಹೌದಲ್ಲ. ಲಿಂಗ ಎಡಗೈಯಾಗ ಇರಬೇಕು."

"ಚೆಂಡ ತಿರುವಿ ತಿರುವಿ ನಡುಬೆರಳ ಸೊಟ್ಟ ಆಗಿತ್ತಲ್ಲ, ಅದು ಲಿಂಗದ ಮ್ಯಾಲ ನೆಟ್ಟಗ ಕೂಡಲೇ ಇಲ್ಲ. ಸ್ವಾಮ್ಯಾರು, 'ಹಂಗ ಇರಲಿ ಬಿಡ್ರಿ' ಅಂದ್ರು."

"ಆ ಬೆರಳ ನನ್ನ ಏಳ ಸಲ ಔಟ್ ಮಾಡೈತಿ." ಮಲಕಾಜಪ್ಪ ಧೋತರದ ತುದಿಯಿಂದ ಕಣ್ಣೊರೆಸಿಕೊಂಡ. "ಮತ್ತ ಚೆಂಡ ಎಲ್ಲಿಟ್ರಿ?"

"ಅವರ ಮನಿಯಾಕಿ ಗುರುಬಸವ್ವಾರು ಬಲಗೈಯಾಗ ಇಟ್ರು."

"ಬಲಗೈಯಾಗ? ಆ ಕೈಲೆ ಅವರು ಜನ್ಮದಾಗ ಒಂದ ಬಾಲೂ ಹಾಕಿಲ್ಲಲ್ಲೋ!"

"ನಾವೂ ಅದನ್ನ ಅಂದ್ವಿ."

"ಅದಕ್ಕೇನಂದ್ರು?"

ವಿಜಾಪುರದ ಮೋಟಾರು ಬಂತು. ಮೆಟ್ಟಿಲು ಹತ್ತುತ್ತ ಶಿವಯೋಗೆಪ್ಪ ಹಿಂತಿರುಗಿದ.

"'ಇನ್ನ ಬೇಕಾದಷ್ಟ ಹೊತ್ತೈತಿ, ಬಲಗೈಲೆ ಕಲೀಲಿ' ಅಂದ್ರು."