ನೀಲಾಂಬಿಕಕ್ಕನ ದನಿಗೆ ತಕ್ಕ ತಂತಿ

ಹಿರಿಯರೆ, ನೀಲಾಂಬಿಕಕ್ಕ, ಮಗಳು ಧನ್ಯಾ, ಹೊಸಬಾಳೆಯಿಂದ ಬಸ್ಸು ಹತ್ತಿ ಬಂದ ಭಜನೆಯ ಅಕ್ಕಂದಿರೆ, ಶಿಕಾರಿಪುರದ ಗೆಳೆಯರೆ — ಎಲ್ಲರಿಗೂ ಶರಣು. ನಾನು ಮಂಜಪ್ಪ. ಇಲ್ಲಿ ಶಿಕಾರಿಪುರದ ಅಂಗಡಿಯಲ್ಲಿ, ಲಿಂಗೈಕ್ಯರಾದ ಚನ್ನೇಶಣ್ಣನ ಪಕ್ಕದಲ್ಲಿ ಕೂತು ಸುಟ್ಟ ಮೋಟಾರುಗಳಿಗೆ ತಾಮ್ರದ ತಂತಿ ಸುತ್ತುತ್ತಿದ್ದವನು.

ಈ ಕತೆಯನ್ನು ನನಗೆ ಮೊದಲು ಹೇಳಿದವರು ಹೊಸಬಾಳೆಯ ವರದಮ್ಮನವರು, ಹೋದ ಶ್ರಾವಣ ಮುಗಿದ ಮೇಲೆ. ಅದರ ಮೊದಲರ್ಧ ನನ್ನ ಕಣ್ಣೆದುರೇ ನಡೆದಿತ್ತು — ಆದರೆ ಅದು ಕತೆ ಅಂತ ನನಗೆ ಗೊತ್ತಿರಲಿಲ್ಲ.

ಒಂದು ದಿನ ಚನ್ನೇಶಣ್ಣ ಗುಜರಿಯಿಂದ ಒಂದು ಮರದ ಪೆಟ್ಟಿಗೆ ತಂದ. ಸಿಗಾರ್ ತುಂಬಿ ಬರುವ ಪೆಟ್ಟಿಗೆ, ಇಷ್ಟೇ ಇಷ್ಟು.

"ಏನಣ್ಣ, ಬೀಡಿ ಬಿಟ್ಟೋನು ಚುಟ್ಟಾ ಹಿಡಿದ್ಯಾ?" ಅಂದೆ.

"ಸೇದಾಕಲ್ಲೋ ಮಾರಾಯ, ಬಾರ್ಸಾಕೆ!"

ಮೊಬೈಲಿನಲ್ಲಿ ಯಾರೋ ಇಂಥ ಪೆಟ್ಟಿಗೆಗೆ ಕೋಲು ಸಿಕ್ಕಿಸಿ, ಮೂರು ತಂತಿ ಬಿಗಿದು ಗಿಟಾರ್ ಮಾಡಿದ್ದನ್ನು ನೋಡಿದ್ದನಂತೆ. ಪೆಟ್ಟಿಗೆ ಆಯಿತು, ಕೋಲೂ ಆಯಿತು. ತಂತಿ? ನಮ್ಮ ಕೈಗೆ ಸಿಗುವುದು ತಾಮ್ರ. ಬಿಗಿದ. ತಾಮ್ರ ಎಳೆದಷ್ಟೂ ಉದ್ದವಾಗುತ್ತದೆ. ಚಹಾ ಕುಡಿದು ಬರುವಷ್ಟರಲ್ಲಿ ಸ್ವರ ಕುಸಿದಿರುತ್ತಿತ್ತು. ಸೈಕಲ್ ಬ್ರೇಕಿನ ತಂತಿಯ ಎಳೆ ಬಿಚ್ಚಿ ಕಟ್ಟಿದ — ತಗಡು ಬಡಿದಂತೆ ಕೇಳಿತು. ಕೊನೆಗೆ ಶಿವಮೊಗ್ಗದ ವಾದ್ಯದ ಅಂಗಡಿಗೆ ಫೋನು.

"ಒಂಬತ್ತರ ಸೆಟ್ ಐತಿ, ಹತ್ತರದ್ದೈತಿ, ಹದಿಮೂರರದ್ದೈತಿ. ಯಾವ್ದು ಬೇಕ್ರೀ?"

"ನಂಗೆ ದನಿ ಕೆಳಗಿರ್ಬೇಕು. ಒಂಬತ್ತರದ್ದೇ ಕಳಿಸ್ರೀ."

ಇಲ್ಲಿರುವ ವೈಂಡಿಂಗಿನವರು ಆಗಲೇ ನಗುತ್ತಿದ್ದೀರಿ. ಉಳಿದವರಿಗೆ ಹೇಳುತ್ತೇನೆ — ನಮ್ಮ ಕಸುಬಿನಲ್ಲಿ ನಂಬರು ಕಡಿಮೆಯಾದಷ್ಟೂ ತಂತಿ ದಪ್ಪ. ದಪ್ಪ ತಂತಿಗೆ ಕೆಳಗಿನ ದನಿ. ಚನ್ನೇಶಣ್ಣನ ಲೆಕ್ಕ ಸರಿಯಾಗಿಯೇ ಇತ್ತು!

ಪಾರ್ಸೆಲ್ ಬಿಚ್ಚಿದರೆ ಕೂದಲೆಳೆಯಂಥ ತಂತಿ. ಕೆಳಗಿನ ಸ್ವರಕ್ಕೆ ಇಳಿಸಿದರೆ ಸಡಿಲವಾಗಿ ಕೋಲಿಗೆ ಪಟಪಟ ಬಡಿಯುತ್ತಿತ್ತು. ಬಿಗಿದರೆ ಸೊಳ್ಳೆಯಂತೆ ಕುಯ್ಯೆನ್ನುತ್ತಿತ್ತು. "ಮೋಸ ಮಾಡ್ಯಾರೆ" ಅಂತ ನಾನು ಹಾರಾಡಿದೆ. ಚನ್ನೇಶಣ್ಣ ಮತ್ತೆ ಫೋನು ಮಾಡಿದ. ಆ ಕಡೆಯವರು ತಾಳ್ಮೆಯಿಂದ ಹೇಳಿದರು — "ನಮ್ದ್ರಾಗೆ ನಂಬರ್ ಏರಿದಂಗೆಲ್ಲ ತಂತಿ ದಪ್ಪ ಸಾರ್. ಇಂಚನ್ನ ಸಾವಿರ ಪಾಲು ಮಾಡಿದ್ರೆ, ಅದ್ರಾಗೆ ಒಂಬತ್ತು ಪಾಲು."

ಚನ್ನೇಶಣ್ಣ ಸಿಟ್ಟಾಗಲಿಲ್ಲ. ಕಣ್ಣರಳಿಸಿ ಕೇಳಿದ — "ಹೌದೇನ್ರೀ? ಹಂಗಾದ್ರೆ ಹದಿಮೂರರ ಸೆಟ್ಟಿನಾಗೆ ಕೆಳಗಿನ ಮೂರು ತಂತಿ ಎಷ್ಟೆಷ್ಟು ದಪ್ಪ?" ಅರ್ಧ ಗಂಟೆ ಮಾತಾಡಿದ. ಒಂದು ಮೋಟಾರು ಕಾಯುತ್ತಿತ್ತು — ಕಾಯಲಿ!

ಹದಿಮೂರರ ಹೊಸ ತಂತಿ ಬಂದ ಮೇಲೆ ಇನ್ನೊಂದು ವಿಚಿತ್ರ. ದಿನಾ ಮಧ್ಯಾಹ್ನ ಹೊಸಬಾಳೆಯ ಮನೆಯಿಂದ ಹೆಂಡತಿ ನೀಲಾಂಬಿಕಕ್ಕನ ಫೋನು ಬರುತ್ತಿತ್ತಲ್ಲ, ಇವನು ಸ್ಪೀಕರ್ ಹಾಕಿ, ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದ.

"ಊಟ ಆಯ್ತೇನ್ರೀ?"

ಇವನು ತಂತಿ ಮೀಟುತ್ತಾನೆ, ಕೋಲಿನ ತುದಿಯ ಬಿರಡೆ ತಿರುವುತ್ತಾನೆ. "ಇನ್ನೊಂದ್ಸಲ ಕೇಳು."

"ಊಟ ಆಯ್ತೇನ್ರೀ ಅಂದೆ."

"ಇನ್ನೊಂದ್ಸಲ."

"ಕಿವಿ ಮಂದ ಆದ್ವೇನ್ರೀ? ಮಂಜಪ್ಪಗೆ ಫೋನ್ ಕೊಡ್ರೀ, ಅವ್ನಾದ್ರೂ ಹೇಳ್ತಾನೆ!"

ನಾನು ನಕ್ಕೆ. ಯಾಕೆ ಅಂತ ಕೇಳಲಿಲ್ಲ.

ಯಾಕೆ ಎಂಬುದನ್ನು ವರದಮ್ಮನವರು ಹೇಳಿದರು. ನೀಲಾಂಬಿಕಕ್ಕ ಹೊಸಬಾಳೆಯ ಭಜನೆಯಲ್ಲಿ ಮುಂದೆ ಕೂತು ಹಾಡುತ್ತಿದ್ದವರು. ಗಂಟಲಿನ ಆಪರೇಷನ್ ಆದ ಮೇಲೆ ದನಿ ಇಳಿಯಿತು. ಎಲ್ಲರ ಹಾಡು ಮೇಲೇರುವಾಗ ಇವರ ದನಿ ಅಲ್ಲಿಗೆ ಮುಟ್ಟುತ್ತಿರಲಿಲ್ಲ. "ಗಂಡಸ್ರ ದನಿ ಬಂದೈತಿ" ಅಂತ ಹೇಳಿ ಭಜನೆ ಬಿಟ್ಟರು. ಮನೆಯಲ್ಲೂ ಹಾಡಲಿಲ್ಲ. ಗಂಡ ಬೇಡಿಕೊಂಡರೂ ಒಂದು ಸಾಲು ಗುನುಗಲಿಲ್ಲ. ಅಕ್ಕನಿಗೆ ಗೊತ್ತಾಗದಂತೆ ಅವರ ಸ್ವರ ಈಗ ಎಲ್ಲಿದೆ ಎಂದು ತಿಳಿಯಲು ಚನ್ನೇಶಣ್ಣನಿಗೆ ಉಳಿದಿದ್ದು ಆ ಫೋನು ಒಂದೇ.

ಒಂದು ಸಂಜೆ ಮನೆಯ ಜಗುಲಿಯಲ್ಲಿ ಕೂತು ಸುಮ್ಮನೆ ಆ ಮೂರು ತಂತಿ ಮೀಟುತ್ತಾ ಹೋದನಂತೆ. "ಹಾಡು" ಅಂತ ಒಂದು ಸಲವೂ ಹೇಳಲಿಲ್ಲ. ಅಕ್ಕ ಒಳಗೆ ರೊಟ್ಟಿ ಬಡಿಯುತ್ತಿದ್ದರು. ಬಡಿಯುವ ಸದ್ದು ನಿಧಾನವಾಯಿತು. ಆಮೇಲೆ — ತಗ್ಗಿನ ದನಿಯಲ್ಲಿ, ತಂತಿಯ ಪಕ್ಕದಲ್ಲೇ, ಹಾಡು ಬಂತು. ಸ್ವರ ಎಟುಕದೆ ದನಿ ಎಲ್ಲೂ ಒಡೆಯಲಿಲ್ಲ. ನೀರಿಗೆ ಹೊರಟಿದ್ದ ವರದಮ್ಮ ಬೇಲಿಯಾಚೆ ನಿಂತರು. ಹಿಂದೆ ಬಂದ, ಭಜನೆಗೆ ಹಾರ್ಮೋನಿಯಂ ಬಾರಿಸುವ ಗಂಗಾಶ್ರೀ ನಿಂತಳು. ಇನ್ನೂ ಕೆಲವರು. ಒಬ್ಬರೂ ಒಳಗೆ ಹೋಗಲಿಲ್ಲ, ಕೆಮ್ಮಲಿಲ್ಲ.

ಮರುದಿನ ಬೆಳಿಗ್ಗೆ ಶ್ರಾವಣದ ಭಜನೆ. ಆ ಹೆಂಗಸರೆಲ್ಲ ಹಾರ್ಮೋನಿಯಂ ಹೊತ್ತುಕೊಂಡು ಚನ್ನೇಶಣ್ಣನ ಬಾಗಿಲಿಗೇ ಬಂದರು. "ಬಾರೇ ನೀಲಾ" ಅಂತ ಯಾರೂ ಕರೆಯಲಿಲ್ಲ. ಜಗುಲಿಯಲ್ಲಿ ಕೂತರು. ವರದಮ್ಮ "ಕೆಳಗಿಂದ ಹಿಡಿಯೇ" ಅಂದರು. ಗಂಗಾಶ್ರೀ ಹಾರ್ಮೋನಿಯಂ ಮೇಲೆ ಬೆರಳು ಕೆಳಕ್ಕೆ ಸರಿಸಿದಳು. ಅಕ್ಕ ಹೊರಗೆ ಬಂದು ಕೂತು ಹಾಡಿದರು. ಎಳೆಯ ದನಿಯವರಿಗೆ ಅಷ್ಟು ಕೆಳಗಿನ ಸ್ವರ ಸಿಗಲೇ ಇಲ್ಲವಂತೆ. ಬಾಯಿ ಮಾತ್ರ ಆಡಿಸಿದರು. ಆದರೆ ಒಬ್ಬರೂ ಮೇಲಿನ ಸ್ವರಕ್ಕೆ ಹೋಗಲಿಲ್ಲ.

ಬನ್ನಿ, ಎಲ್ಲರೂ ಏಳೋಣ. ಚನ್ನೇಶಣ್ಣನಿಗಾಗಿ ಸ್ವಲ್ಪ ಹೊತ್ತು — ಮೌನ.